ಮುಖ ಆಮೇಲೆ, ಮೊದಲು ನಿಲುವು

ಪ್ರಶ್ನೆ: ನಮಸ್ಕಾರ. ನನಗೆ ಚಿತ್ರ ಬಿಡಿಸುವ ಅಭ್ಯಾಸ ಇದೆ, ಶಿಲ್ಪ ಹೊಸದು. ಓವನ್‌ನಲ್ಲಿ ಬೇಯಿಸುವ ಪಾಲಿಮರ್ ಕ್ಲೇ ತಂದು, ಒಂದು ಅಡಿ ಎತ್ತರದ ನಿಂತ ಮನುಷ್ಯನನ್ನು ಮಾಡಲು ನೋಡುತ್ತಿದ್ದೇನೆ. ಮುಖಕ್ಕೇ ವಾರಗಟ್ಟಲೆ ಹಿಡಿಯುತ್ತದೆ. ಮುಖವೇನೋ ಒಂದು ಮಟ್ಟಕ್ಕೆ ಬರುತ್ತದೆ, ಆದರೆ ಮೈ ಸೇರಿಸಿದ ಮೇಲೆ ಎಲ್ಲ ಸೇರಿ ಬೊಂಬೆ ಥರ ಕಾಣುತ್ತದೆ. ಕಾಲು ಬಾಗಿ ಕೂತುಬಿಡುತ್ತದೆ. ಯಾವ ಮಣ್ಣು ತೆಗೆದುಕೊಳ್ಳಬೇಕು? ಅಂಗರಚನೆ ಎಷ್ಟು ಓದಬೇಕು? ಎಲ್ಲಿಂದ ಶುರು ಮಾಡಬೇಕು? ಹೇಳಿಕೊಡುವವರು ಇಲ್ಲದೆ ಒಬ್ಬಳೇ ಕಲಿಯಲು ಆಗುತ್ತದಾ?

ಉತ್ತರ: ಖಂಡಿತ ಆಗುತ್ತದೆ. ಮುಖ ಒಂದು ಮಟ್ಟಕ್ಕೆ ಬರುತ್ತಿದೆ ಅಂದರೆ ನಿಮ್ಮ ಕಣ್ಣೂ ಕೈಯೂ ಚೆನ್ನಾಗಿಯೇ ಕೆಲಸ ಮಾಡುತ್ತಿವೆ. ತೊಂದರೆ ಇರುವುದು ಕೆಲಸದ ಕ್ರಮದಲ್ಲಿ. ಅದನ್ನು ಸರಿ ಮಾಡಿಕೊಂಡರೆ ನಿಮ್ಮ ಉಳಿದ ಪ್ರಶ್ನೆಗಳಿಗೂ ಅರ್ಧ ಉತ್ತರ ಸಿಕ್ಕಿಬಿಡುತ್ತದೆ.

ನಮಗೆ ಗೊತ್ತಿರುವವರು ದೂರದಲ್ಲಿ ಬರುತ್ತಿದ್ದರೆ, ಮುಖ ಕಾಣುವ ಮೊದಲೇ ಗುರುತು ಹಿಡಿಯುತ್ತೇವೆ, ಅಲ್ವಾ? ಹೆಗಲು ಇಳಿಬಿಟ್ಟಿರುವ ರೀತಿ, ತಲೆ ಮುಂದಕ್ಕೆ ಚಾಚಿರುವುದು, ಸೊಂಟ ತೂಗುವುದು, ಇಷ್ಟೇ ಸಾಕು. ಶಿಲ್ಪದಲ್ಲೂ ಜೀವ ಬರುವುದು ಇಲ್ಲಿಂದಲೇ. ನಿಲುವು ಸರಿಯಿದ್ದರೆ ಕಣ್ಣು ಮೂಗು ಇಲ್ಲದ ಮಣ್ಣಿನ ಮುದ್ದೆಯೂ ಮನುಷ್ಯನಂತೆ ಕಾಣುತ್ತದೆ. ನಿಲುವು ಕೆಟ್ಟಿದ್ದರೆ ಎಷ್ಟು ನಾಜೂಕಿನ ಮುಖ ಇಟ್ಟರೂ ಬೊಂಬೆಯೇ. ಅದಕ್ಕೇ ಮುಂದಿನ ಒಂದೆರಡು ತಿಂಗಳು ಮುಖ ಮಾಡುವುದನ್ನೇ ಬಿಡಿ ಎಂದು ಹೇಳುತ್ತೇನೆ. ಬೇಜಾರಾಗಬಹುದು, ಆದರೆ ಇದಕ್ಕಿಂತ ಹತ್ತಿರದ ದಾರಿ ನನಗೆ ಗೊತ್ತಿಲ್ಲ.

ಮೈಯಲ್ಲಿ ಮೂರು ದೊಡ್ಡ ಗಟ್ಟಿ ಭಾಗಗಳಿವೆ: ತಲೆಬುರುಡೆ, ಎದೆಗೂಡು, ಸೊಂಟದ ಮೂಳೆ. ಈ ಮೂರೂ ತಾವಾಗಿ ಬಾಗುವುದಿಲ್ಲ. ಬಾಗುವುದು, ತಿರುಗುವುದು ಏನಿದ್ದರೂ ಅವುಗಳ ನಡುವೆ ಇರುವ ಕತ್ತು ಮತ್ತು ನಡು. ಹೊಸಬರು ಮಾಡಿದ ಆಕೃತಿಗಳಲ್ಲಿ ಈ ಮೂರು ಭಾಗಗಳು ಒಂದರ ಮೇಲೊಂದು ನೆಟ್ಟಗೆ ಕೂತಿರುತ್ತವೆ, ಮೂರೂ ಒಂದೇ ಕಡೆ ನೋಡುತ್ತಿರುತ್ತವೆ. ನಿಮ್ಮದರಲ್ಲೂ ಹಾಗೇ ಇರಬಹುದು, ಒಮ್ಮೆ ಪರೀಕ್ಷಿಸಿ. ಬೊಂಬೆಯ ಕಳೆ ಬರುವುದು ಇದರಿಂದಲೇ.

ಈಗಲೇ ಎದ್ದು ನಿಂತು ನೋಡಿ. ಭಾರವನ್ನೆಲ್ಲ ಬಲಗಾಲಿನ ಮೇಲೆ ಹಾಕಿ, ಎಡಗಾಲನ್ನು ಸಡಿಲ ಬಿಡಿ. ಎರಡೂ ಕೈಗಳನ್ನು ಸೊಂಟದ ಮೂಳೆಯ ಮೇಲಿಡಿ. ಬಲಗಡೆ ಮೇಲೆದ್ದಿದೆ, ಎಡಗಡೆ ಇಳಿದಿದೆ. ಎಡ ಮಂಡಿ ಸ್ವಲ್ಪ ಮುಂದೆ ಬಂದು, ಬಲ ಮಂಡಿಗಿಂತ ಕೆಳಗಿದೆ. ಹೆಗಲು ಇದಕ್ಕೆ ಉಲ್ಟಾ: ಬಲ ಹೆಗಲು ತಗ್ಗಿ, ಎಡ ಹೆಗಲು ಏರುತ್ತದೆ. ಬಲ ಪಕ್ಕೆಯ ಕೆಳಗೆ ಮೈ ಒತ್ತಿಕೊಳ್ಳುತ್ತದೆ, ಎಡ ಪಕ್ಕೆ ಹಿಗ್ಗುತ್ತದೆ. ಎರಡು ಕಾಲರ್ ಬೋನ್‌ಗಳ ನಡುವೆ ಇರುವ ಕತ್ತಿನ ಗುಳಿಯಿಂದ ಒಂದು ದಾರ ಇಳಿಬಿಟ್ಟರೆ, ಅದು ಭಾರ ಹೊತ್ತ ಬಲಗಾಲಿನ ಗಿಣ್ಣಿನ ಹತ್ತಿರಕ್ಕೆ ಬರುತ್ತದೆ. ಬರದಿದ್ದರೆ ಆ ಮನುಷ್ಯ ಬೀಳುತ್ತಿದ್ದಾನೆ ಅಥವಾ ಏನನ್ನೋ ಒರಗಿಕೊಂಡಿದ್ದಾನೆ ಎಂದು ಅರ್ಥ. ಇದೊಂದು ಪರೀಕ್ಷೆಯನ್ನು ಪ್ರತಿ ಆಕೃತಿಗೂ ಮಾಡಿ. ದಾರಕ್ಕೆ ಒಂದು ಸಣ್ಣ ತೂಕ ಕಟ್ಟಿಕೊಂಡರೆ ಸಾಕು.

ಇದನ್ನು ಕ್ರಿ.ಪೂ. 5ನೇ ಶತಮಾನದಲ್ಲೇ ಗ್ರೀಕ್ ಶಿಲ್ಪಿ ಪಾಲಿಕ್ಲೈಟಸ್ ತನ್ನ ಡೋರಿಫೊರಸ್ ಎಂಬ ಈಟಿಗಾರನ ಶಿಲ್ಪದಲ್ಲಿ ಪೂರ್ತಿಯಾಗಿ ತೋರಿಸಿಬಿಟ್ಟ. ಮೂಲ ಕಂಚಿನ ಶಿಲ್ಪ ಈಗ ಇಲ್ಲ, ರೋಮನ್ನರ ಕಾಲದ ಅಮೃತಶಿಲೆಯ ಪ್ರತಿಗಳು ಉಳಿದಿವೆ. ಅದರ ಫೋಟೋ ಹುಡುಕಿ, ಹೆಗಲಿನ ಗೆರೆ, ಸೊಂಟದ ಗೆರೆ, ಮಂಡಿಯ ಗೆರೆ ಎಳೆದು ನೋಡಿ. ಪೊಂಪೆಯಲ್ಲಿ ಸಿಕ್ಕು ಈಗ ನೇಪಲ್ಸ್‌ನಲ್ಲಿರುವ ಪ್ರತಿಯಲ್ಲಿ ಇನ್ನೊಂದು ಸಂಗತಿ ಕಾಣುತ್ತದೆ. ಕಾಲಿನ ಪಕ್ಕದಲ್ಲಿ ಒಂದು ಮರದ ಬೊಡ್ಡೆ ಇದೆ. ಕಂಚಿನಲ್ಲಾದರೆ ಅದು ಬೇಕಿರಲಿಲ್ಲ. ಅಮೃತಶಿಲೆಯಲ್ಲಿ ಅಷ್ಟು ಸಣ್ಣ ಕಾಲ್ಗಿಣ್ಣು ಇಡೀ ಮೈಯ ಭಾರ ತಡೆಯುವುದಿಲ್ಲ. ನಿಮ್ಮ ಆಕೃತಿಯ ಕಾಲು ಬಾಗಿ ಕೂರುವುದಕ್ಕೂ ಇದೇ ಕಾರಣ. ನಿಂತ ಮನುಷ್ಯನ ಅತಿ ಸಣ್ಣ ಜಾಗದ ಮೇಲೇ ಅತಿ ಜಾಸ್ತಿ ಭಾರ ಬೀಳುತ್ತದೆ.

ಇನ್ನು ಮಣ್ಣಿನ ವಿಷಯ. ಕಲಿಯುವ ಹೊತ್ತಿಗೆ ಪಾಲಿಮರ್ ಕ್ಲೇ ಬೇಡ. ಅದು ಒಳ್ಳೆಯ ವಸ್ತು, ಆದರೆ ಬೇಯಿಸಿದರೆ ಮುಗಿಯಿತು, ಮತ್ತೆ ತಿದ್ದಿ ಕಟ್ಟಲು ಆಗುವುದಿಲ್ಲ. ದುಬಾರಿ ಬೇರೆ, ಹಾಗಾಗಿ ಮಾಡಿದ್ದನ್ನು ಕೆಡವಲು ಮನಸ್ಸು ಬರುವುದಿಲ್ಲ. ನಿಮಗೆ ಈಗ ಬೇಕಿರುವುದು ಸಂಕೋಚವಿಲ್ಲದೆ ಕೆಡವಿ ಮತ್ತೆ ಕಟ್ಟಬಹುದಾದ ವಸ್ತು. ಎಣ್ಣೆ ಮತ್ತು ಮೇಣ ಸೇರಿಸಿ ಮಾಡಿದ ಪ್ಲಾಸ್ಟಿಸಿನ್ ಜಾತಿಯ ಮಣ್ಣು ಇದಕ್ಕೆ ಸರಿ. ಅದು ಒಣಗುವುದೇ ಇಲ್ಲ, ವರ್ಷಗಟ್ಟಲೆ ಅದನ್ನೇ ಬಳಸಬಹುದು. ಮೆದು, ಮಧ್ಯಮ, ಗಟ್ಟಿ ಎಂದು ಬೇರೆ ಬೇರೆ ಹದದಲ್ಲಿ ಸಿಗುತ್ತದೆ. ಒಂದು ಅಡಿಯ ಆಕೃತಿಗೆ ಮಧ್ಯಮ ತೆಗೆದುಕೊಳ್ಳಿ. ಕೈಗೆ ಗಟ್ಟಿ ಅನ್ನಿಸಿದರೆ ಹೇರ್ ಡ್ರೈಯರ್‌ನಿಂದ ಸ್ವಲ್ಪ ಬೆಚ್ಚಗೆ ಮಾಡಿಕೊಳ್ಳಿ. ಇದನ್ನು ಓವನ್‌ಗೆ ಮಾತ್ರ ಇಡಬೇಡಿ, ಕರಗಿ ಹರಿಯುತ್ತದೆ. ಮುಂದೆ ಎಂದಾದರೂ ಸಿಲಿಕೋನ್ ಅಚ್ಚು ತೆಗೆಯುವ ಯೋಚನೆ ಇದ್ದರೆ ಗಂಧಕ ಇಲ್ಲದ ಜಾತಿಯನ್ನೇ ಕೊಳ್ಳಿ. ಗಂಧಕ ಇದ್ದರೆ ಪ್ಲಾಟಿನಂ ಜಾತಿಯ ಸಿಲಿಕೋನ್ ಗಟ್ಟಿಯಾಗದೆ ಅಂಟಂಟಾಗಿ ಉಳಿದುಬಿಡುತ್ತದೆ.

ಜೇಡಿಮಣ್ಣಿನಲ್ಲಿ ಕೆಲಸ ಮಾಡುವ ಸುಖವೇ ಬೇರೆ, ಕೈ ಹೇಳಿದ ಹಾಗೆ ಕೇಳುತ್ತದೆ. ಆದರೆ ತಂತಿಯ ಮೇಲೆ ಕಟ್ಟಿದ ಜೇಡಿಮಣ್ಣನ್ನು ಒಣಗಲು ಬಿಡಬಾರದು. ಮಣ್ಣು ಒಣಗುತ್ತಾ ಕುಗ್ಗುತ್ತದೆ, ತಂತಿ ಕುಗ್ಗುವುದಿಲ್ಲ, ಮೈಯೆಲ್ಲ ಬಿರುಕು ಬಿಡುತ್ತದೆ. ಸುಡಬೇಕು ಅಂದರೆ ತಂತಿ ಇಲ್ಲದೆ ಕಟ್ಟಬೇಕು ಅಥವಾ ಕತ್ತರಿಸಿ ತಂತಿ ತೆಗೆದು, ಒಳಗೆ ಟೊಳ್ಳು ಮಾಡಿ, ಮತ್ತೆ ಕೂಡಿಸಬೇಕು. ತೆಳ್ಳಗಿನ ಕಾಲಿನ ನಿಂತ ಆಕೃತಿಗೆ ಅದು ಹೊಸಬರ ಕೆಲಸವಲ್ಲ. ಜೇಡಿಮಣ್ಣು ಇಷ್ಟ ಅನ್ನಿಸಿದರೆ ತಲೆ ಮತ್ತು ಎದೆ ಮಾತ್ರ ಇರುವ ಶಿಲ್ಪಕ್ಕೆ ಬಳಸಿ, ರಾತ್ರಿ ಒದ್ದೆ ಬಟ್ಟೆ ಸುತ್ತಿ ಮೇಲೆ ಪ್ಲಾಸ್ಟಿಕ್ ಮುಚ್ಚಿಡಿ.

ಈಗ ಕಾಲು ಬಾಗುವುದರ ಮದ್ದಿಗೆ ಬರೋಣ. ಒಳಗೆ ತಂತಿಯ ಚೌಕಟ್ಟು ಬೇಕೇ ಬೇಕು. ಇದನ್ನು ಆರ್ಮೇಚರ್ ಎನ್ನುತ್ತಾರೆ. ಇದನ್ನು ಬೇಗ ಬೇಗ ಮಾಡಿ ಮುಗಿಸಿ ಮಣ್ಣಿಗೆ ಕೈ ಹಾಕುವ ಆಸೆ ಎಲ್ಲರಿಗೂ ಇರುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ, ಒಂದಿಡೀ ಸಂಜೆ ಇದಕ್ಕೇ ಕೊಡಿ. ಎಡ್ಗರ್ ಡೆಗಾ ಅಂಥ ದೊಡ್ಡ ಕಲಾವಿದನೂ ಮೇಣದ ಆಕೃತಿಗಳ ಒಳಗೆ ಕೈಗೆ ಸಿಕ್ಕಿದ್ದನ್ನೆಲ್ಲ ತುರುಕುತ್ತಿದ್ದ. 1881ರಲ್ಲಿ ಪ್ರದರ್ಶನಕ್ಕಿಟ್ಟ ಅವನ 'ಹದಿನಾಲ್ಕು ವರ್ಷದ ಪುಟ್ಟ ನರ್ತಕಿ' ಎಂಬ ಶಿಲ್ಪದ ಎಕ್ಸ್-ರೇ ತೆಗೆದಾಗ, ತೋಳುಗಳ ಒಳಗೆ ಬಣ್ಣದ ಬ್ರಷ್‌ಗಳೇ ಕಂಡವು. ಆ ಹುಡುಗಿ ಉಳಿದಳು. ಆದರೆ 1917ರಲ್ಲಿ ಅವನು ತೀರಿಕೊಂಡಾಗ ಸ್ಟುಡಿಯೋದಲ್ಲಿ ಸಿಕ್ಕ ಸುಮಾರು 150 ಆಕೃತಿಗಳಲ್ಲಿ ಎಷ್ಟೋ ಮುರಿದು ಬಿದ್ದಿದ್ದವು.

ಲೆಕ್ಕ ಸುಲಭವಾಗಲಿ ಎಂದು 30 ಸೆಂ.ಮೀ. ಎತ್ತರ ಇಟ್ಟುಕೊಳ್ಳಿ. ಬೆಳೆದ ಮನುಷ್ಯನ ಎತ್ತರ ಸುಮಾರು ಏಳೂವರೆ ತಲೆ. ಅಂದರೆ ನಿಮ್ಮ ಆಕೃತಿಯ ತಲೆ, ನೆತ್ತಿಯಿಂದ ಗದ್ದದವರೆಗೆ, 4 ಸೆಂ.ಮೀ. ಎರಡು ಕಾಲು ಕೂಡುವ ಜಾಗ ನೆಲದಿಂದ 15 ಸೆಂ.ಮೀ., ಹೆಚ್ಚು ಕಡಿಮೆ ಸರಿ ಅರ್ಧ. ಹೊಸಬರು ಈ ಅರ್ಧವನ್ನೇ ತಪ್ಪುತ್ತಾರೆ, ಕಾಲು ಗಿಡ್ಡ ಆಗಿಬಿಡುತ್ತದೆ. ಮಂಡಿಚಿಪ್ಪು ಸುಮಾರು 8 ಸೆಂ.ಮೀ. ಎತ್ತರದಲ್ಲಿ, ಹೊಕ್ಕುಳು 18ರ ಹತ್ತಿರ, ಮೊಲೆತೊಟ್ಟು 22ರಲ್ಲಿ. ಹೆಗಲಿನ ಅಗಲ 7ರಿಂದ 8. ಕೈ ಇಳಿಬಿಟ್ಟರೆ ಮಣಿಕಟ್ಟು ಕಾಲು ಕೂಡುವ ಜಾಗದ ಮಟ್ಟಕ್ಕೆ, ಬೆರಳ ತುದಿ ತೊಡೆಯ ನಡುವಿಗೆ. ಪಾದ ತಲೆಗಿಂತ ಉದ್ದ, 4.5 ಸೆಂ.ಮೀ. ಹತ್ತಿರ. ಪಾದವನ್ನು ಎಲ್ಲರೂ ಚಿಕ್ಕದು ಮಾಡುತ್ತಾರೆ. ಇಷ್ಟನ್ನೂ ಒಂದು ಹಾಳೆಯ ಮೇಲೆ ನಿಜ ಅಳತೆಯಲ್ಲೇ ಬರೆದುಕೊಳ್ಳಿ, ಎದುರಿನಿಂದ ಒಂದು, ಪಕ್ಕದಿಂದ ಒಂದು. ಚಿತ್ರ ಬಿಡಿಸುವ ಅಭ್ಯಾಸ ಇರುವ ನಿಮಗೆ ಇದು ಕಷ್ಟವಲ್ಲ. ತಂತಿಯನ್ನು ಆ ಹಾಳೆಯ ಮೇಲಿಟ್ಟೇ ಬಗ್ಗಿಸಿ. ಒಂದು ಮಾತು: ಇವೆಲ್ಲ ಸರಾಸರಿ ಅಳತೆಗಳು. ಮಗು ಮಾಡುವುದಾದರೆ ತಲೆ ತುಂಬಾ ದೊಡ್ಡದು, ಒಂದು ವರ್ಷದ ಮಗು ಸುಮಾರು ನಾಲ್ಕು ತಲೆ ಎತ್ತರ ಅಷ್ಟೇ.

ತಂತಿ ಅಲ್ಯೂಮಿನಿಯಂದೇ ಇರಲಿ, 3 ಮಿ.ಮೀ. ದಪ್ಪದ್ದು. ಕಬ್ಬಿಣದ ತಂತಿ ಬಗ್ಗಿಸುವಷ್ಟರಲ್ಲಿ ಮಣ್ಣು ಕಿತ್ತುಬರುತ್ತದೆ, ಜೇಡಿಮಣ್ಣಿನಲ್ಲಾದರೆ ತುಕ್ಕು ಬೇರೆ. ಎರಡು ಎಳೆ ಸೇರಿಸಿ ಹೊಸೆದರೆ ಗಟ್ಟಿಯೂ ಆಗುತ್ತದೆ, ಮಣ್ಣಿಗೆ ಹಿಡಿತವೂ ಸಿಗುತ್ತದೆ. ಪಾದದ ಕೆಳಗೆ 5 ಸೆಂ.ಮೀ. ಜಾಸ್ತಿ ಬಿಡಿ. ದಪ್ಪ ಹಲಗೆಗೆ ತೂತು ಕೊರೆದು, ಆ ತುದಿಗಳನ್ನು ಇಳಿಸಿ, ಹಲಗೆಯ ಕೆಳಗೆ ಬಗ್ಗಿಸಿ ಬಿಗಿಮಾಡಿ. ಎರಡೂ ಕಾಲಿನ ತಂತಿ ಒಂದೇ ಬಿಂದುವಿನಿಂದ ಹೊರಡಬಾರದು, ಸೊಂಟದ ಎರಡು ಪಕ್ಕದಿಂದ, ಒಂದೆರಡು ಸೆಂ.ಮೀ. ಅಂತರ ಬಿಟ್ಟು ಇಳಿಯಬೇಕು. ಆಮೇಲೆ ಬಹಳ ಮುಖ್ಯವಾದ ಕೆಲಸ. ಎಂ-ಸೀಲ್ ಥರದ ಎರಡು ಭಾಗ ಕಲಸುವ ಎಪಾಕ್ಸಿ ಪುಟ್ಟಿ ಸಿಗುತ್ತದಲ್ಲ, ಅದರಿಂದ ಎದೆಗೂಡಿನ ಜಾಗವನ್ನೂ ಸೊಂಟದ ಜಾಗವನ್ನೂ ಗಟ್ಟಿ ಮಾಡಿಬಿಡಿ. ತೊಡೆಯ ನಡುಭಾಗ, ಕಣಕಾಲಿನ ನಡುಭಾಗ, ತೋಳಿನ ನಡುಭಾಗಕ್ಕೂ ಸ್ವಲ್ಪ ಸ್ವಲ್ಪ ಹಚ್ಚಿ. ಕಲಸುವಾಗ ಕೈಗೆ ಗ್ಲೌಸ್ ಇರಲಿ, ಎಪಾಕ್ಸಿ ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ. ಇದು ಗಟ್ಟಿಯಾದ ಮೇಲೆ ತಂತಿ ಎಲ್ಲೆಂದರಲ್ಲಿ ಬಾಗುವುದಿಲ್ಲ. ನಿಜವಾದ ಮೈ ಎಲ್ಲಿ ಬಾಗುತ್ತದೋ ಅಲ್ಲಿ ಮಾತ್ರ ಬಾಗುತ್ತದೆ. ಆಗ ಒಂದು ಹಿಡಿ ಮಣ್ಣೂ ಹಾಕದೆ, ಬರೀ ತಂತಿಯಲ್ಲೇ ನಿಲುವನ್ನು ಹುಡುಕಬಹುದು. ತಂತಿಯಲ್ಲಿ ಕಾಣದ ನಿಲುವು ಮಣ್ಣು ಹಾಕಿದ ಮೇಲೂ ಕಾಣುವುದಿಲ್ಲ.

ಕೈ ಮೇಲೆತ್ತಿದ, ಮುಂದಕ್ಕೆ ಬಾಗಿದ ಆಕೃತಿ ಮಾಡುವ ಆಸೆ ಇದ್ದರೆ ಕಾಲಿನ ತಂತಿಯನ್ನು ನಂಬಬೇಡಿ. ಹಲಗೆಗೆ ಒಂದು ಕಬ್ಬಿಣದ ಸರಳು ನೆಟ್ಟು, ಅದರ ತುದಿಯನ್ನು ಬಗ್ಗಿಸಿ ಹಿಂದಿನಿಂದ ಸೊಂಟದೊಳಗೆ ಸೇರಿಸಿ. ಶಿಲ್ಪ ಶಾಲೆಗಳಲ್ಲಿ ಹಿಂದಿನಿಂದಲೂ ಹೀಗೇ ಮಾಡುತ್ತಾರೆ. ಅಭ್ಯಾಸದ ಕೆಲಸದಲ್ಲಿ ಸರಳು ಹೊರಗೆ ಕಂಡರೆ ಏನೂ ತಪ್ಪಿಲ್ಲ.

ಮಣ್ಣು ಹಾಕುವಾಗ ಇಡೀ ಮೈ ಒಟ್ಟಿಗೆ ಬೆಳೆಯಬೇಕು. ಮೊದಲು ಎದೆಗೆ ಮೊಟ್ಟೆಯಾಕಾರ, ಸೊಂಟಕ್ಕೆ ಪೆಟ್ಟಿಗೆಯಾಕಾರ, ತಲೆಗೆ ಇನ್ನೊಂದು ಚಿಕ್ಕ ಮೊಟ್ಟೆ. ಕೈಕಾಲಿಗೆ ಸಾದಾ ಉರುಟು. ಒಂದು ಕಡೆ ಮಾತ್ರ ಮುಗಿಸುತ್ತಾ ಹೋಗಬೇಡಿ. ಕೊನೆಯ ದಪ್ಪಕ್ಕಿಂತ ಸ್ವಲ್ಪ ತೆಳ್ಳಗೇ ಇಟ್ಟುಕೊಂಡು, ಚಿಕ್ಕ ಚಿಕ್ಕ ಉಂಡೆ ಒತ್ತಿ ಒತ್ತಿ ಬೆಳೆಸಿ. ಕೈಯಿಂದ ಸವರಿ ನುಣುಪು ಮಾಡುವ ಚಪಲವನ್ನು ತಡೆದುಕೊಳ್ಳಿ. ನುಣುಪಾದ ತಕ್ಷಣ ಆಕಾರ ಸರಿಯಾಗಿದೆ ಎಂದು ಕಣ್ಣು ಮೋಸಹೋಗುತ್ತದೆ. ಹಲ್ಲುಹಲ್ಲಿನ ಅಂಚಿರುವ ತಂತಿಯ ರೇಕ್ ಉಪಕರಣ ಸಿಕ್ಕರೆ ಅದರಿಂದ ಕೆರೆಯಿರಿ. ಉಬ್ಬು ತಗ್ಗೆಲ್ಲ ಒಂದೇ ಸಮ ಒಗ್ಗೂಡುತ್ತದೆ, ಮೇಲ್ಮೈ ಒರಟಾಗೇ ಉಳಿಯುತ್ತದೆ. ಉಪಕರಣದ ಪೆಟ್ಟಿಗೆಗಟ್ಟಲೆ ಸೆಟ್ ಕೊಳ್ಳಬೇಡಿ. ಒಂದು ರೇಕ್, ಒಂದು ತಂತಿಯ ಲೂಪ್, ಒಂದು ಮರದ ಕಡ್ಡಿ, ಅಳೆಯಲು ಒಂದು ಕ್ಯಾಲಿಪರ್. ಇವುಗಳ ಜೊತೆ ತಿರುಗುವ ಹಲಗೆಯೊಂದು ಇರಲೇಬೇಕು.

ತಿರುಗುವ ಹಲಗೆಗೆ ಇಷ್ಟು ಒತ್ತು ಕೊಡಲು ಕಾರಣವಿದೆ. ಚಿತ್ರ ಬಿಡಿಸಿ ಬಂದವರು ಎದುರಿನಿಂದ ಮಾತ್ರ ನೋಡುತ್ತಾರೆ. ಎದುರಿನಿಂದ ಚೆನ್ನಾಗಿರುವ ಆಕೃತಿ ಪಕ್ಕಕ್ಕೆ ತಿರುಗಿಸಿದರೆ ಹಪ್ಪಳದಷ್ಟು ಚಪ್ಪಟೆ. ಫ್ರೆಂಚ್ ಶಿಲ್ಪಿ ಅಗಸ್ಟ್ ರೋಡಿನ್ ಕೆಲಸ ಮಾಡುತ್ತಿದ್ದದ್ದು ಅಂಚಿನ ಗೆರೆಗಳನ್ನು ನೋಡಿಕೊಂಡು. ರೂಪದರ್ಶಿಯನ್ನೂ ಮಣ್ಣನ್ನೂ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ, ಪ್ರತಿ ಕೋನದಲ್ಲೂ ಹೊರ ಅಂಚನ್ನು ಹೋಲಿಸಿ ತಿದ್ದುತ್ತಿದ್ದ. 1877ರಲ್ಲಿ ಅವನ 'ಕಂಚಿನ ಯುಗ' ಎಂಬ ನಿಂತ ಯುವಕನ ಶಿಲ್ಪ ಎಷ್ಟು ನಿಜವಾಗಿತ್ತೆಂದರೆ, ಜೀವಂತ ಮನುಷ್ಯನ ಮೈಮೇಲೆಯೇ ಅಚ್ಚು ತೆಗೆದಿದ್ದಾನೆ ಎಂದು ಜನ ಆರೋಪ ಮಾಡಿದರು. ನೀವೂ ಹೀಗೇ ಮಾಡಿ. ಕೋಣೆಯಲ್ಲಿ ಒಂದೇ ದೀಪ ಇಟ್ಟು, ಆಕೃತಿಯ ಹಿಂದೆ ಬಿಳಿ ಹಾಳೆ ನಿಲ್ಲಿಸಿ, ಬರೀ ಹೊರಗೆರೆ ನೋಡಿ. ಹಲಗೆ ಸ್ವಲ್ಪ ತಿರುಗಿಸಿ, ಮತ್ತೆ ನೋಡಿ. ಒಂದು ಕಡೆಯಿಂದ ಐದು ನಿಮಿಷಕ್ಕಿಂತ ಜಾಸ್ತಿ ಕೆಲಸ ಮಾಡಬೇಡಿ. ಮೇಲಿನಿಂದ ಬಗ್ಗಿ ನೋಡುವುದನ್ನೂ ಮರೆಯಬೇಡಿ. ಹೆಗಲೂ ಸೊಂಟವೂ ಒಂದಕ್ಕೊಂದು ಎಷ್ಟು ತಿರುಗಿವೆ ಎಂಬುದು ಅಲ್ಲಿಂದ ಮಾತ್ರ ಸರಿಯಾಗಿ ಕಾಣುತ್ತದೆ.

ಅಂಗರಚನೆ ಎಷ್ಟು ಓದಬೇಕು ಎಂದು ಕೇಳಿದ್ದೀರಿ. ಸ್ನಾಯುಗಳ ಹೆಸರು ಬಾಯಿಪಾಠ ಮಾಡುವುದು ಈಗ ಬೇಡ. ಮೂಳೆ ಚರ್ಮಕ್ಕೆ ಹತ್ತಿರ ಬರುವ ಜಾಗಗಳನ್ನು ಕಲಿಯಿರಿ, ಏಕೆಂದರೆ ದಪ್ಪವಿರಲಿ ಸಣಕಲಿರಲಿ, ಅವು ಜಾಗ ಬಿಟ್ಟು ಹೋಗುವುದಿಲ್ಲ. ಕತ್ತಿನ ಗುಳಿ, ಕಾಲರ್ ಬೋನ್‌ನ ಎರಡು ತುದಿ, ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಏಳುವ ಬೆನ್ನುಮೂಳೆಯ ಉಬ್ಬು, ಸೊಂಟದ ಮುಂದಿನ ಎರಡು ಮೂಳೆ ತುದಿ, ಬೆನ್ನಿನ ಕೆಳಗಿನ ಎರಡು ಗುಳಿ, ಮೊಣಕೈ, ಮಂಡಿಚಿಪ್ಪು, ಕಾಲ್ಗಿಣ್ಣು. ನಿಮ್ಮ ಮೈಯಲ್ಲೇ ಮುಟ್ಟಿ ನೋಡಿಕೊಳ್ಳಿ. ಒಳಗಿನ ಗಿಣ್ಣು ಹೊರಗಿನದ್ದಕ್ಕಿಂತ ಮೇಲಿರುತ್ತದೆ ಎಂಬುದು ಮುಟ್ಟಿದಾಗಲೇ ಗೊತ್ತಾಗುತ್ತದೆ. ಆಕೃತಿಯಲ್ಲಿ ಈ ಜಾಗಗಳಿಗೆಲ್ಲ ಬೆಂಕಿಕಡ್ಡಿಯ ತುಂಡು ಚುಚ್ಚಿಟ್ಟುಕೊಂಡರೆ ಅಳತೆ ಕಳೆದುಹೋಗುವುದಿಲ್ಲ. ಈ ಜಾಗಗಳು ಮನಸ್ಸಿನಲ್ಲಿ ಗಟ್ಟಿಯಾದ ಮೇಲೆ ಸ್ನಾಯುಗಳಿಗೆ ಬನ್ನಿ. ಆಗ ಫ್ರೆಂಚ್ ಶಿಲ್ಪಿ ಹೂಡನ್ 1767ರಲ್ಲಿ ಮಾಡಿದ, ಚರ್ಮ ಸುಲಿದ ಮನುಷ್ಯನ ಶಿಲ್ಪದ ಫೋಟೋಗಳು ತುಂಬಾ ಉಪಯೋಗಕ್ಕೆ ಬರುತ್ತವೆ. ಕಲಿಯುವವರಿಗೆ ಅದು ಪಾಠವಾಗಿ ನಿಂತಿರುವುದು ಸುಮ್ನೆ ಅಲ್ಲ. ಸ್ನಾಯು ಎಲ್ಲಿ ಹುಟ್ಟಿ ಎಲ್ಲಿಗೆ ಸೇರುತ್ತದೆ ಎಂಬುದು ಅದರಲ್ಲಿ ಎಲ್ಲ ಕಡೆಯಿಂದಲೂ ಕಾಣುತ್ತದೆ.

ಅಭ್ಯಾಸ ಹೀಗಿರಲಿ. ಒಂದು ಅಡಿಯದ್ದು ಮಾಡುವ ಮೊದಲು 15 ಸೆಂ.ಮೀ. ಎತ್ತರದ ಚಿಕ್ಕ ಆಕೃತಿಗಳನ್ನು ಮಾಡಿ. ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಮುಗಿಸಬೇಕು. ಬೆರಳು, ಕಣ್ಣು, ಕೂದಲು ಏನೂ ಬೇಡ. ನಿಂತವನು, ಕೂತವಳು, ಏನನ್ನೋ ಎತ್ತುತ್ತಿರುವವನು, ಬಾಗಿ ಚಪ್ಪಲಿ ಹಾಕಿಕೊಳ್ಳುತ್ತಿರುವವಳು. ಮುಗಿದ ಮೇಲೆ ಎಲ್ಲ ಕಡೆಯಿಂದ ಫೋಟೋ ತೆಗೆದು, ಕೆಡವಿ, ಅದೇ ಮಣ್ಣಿನಲ್ಲಿ ಮುಂದಿನದು. ಕೆಡವುವುದು ಕಷ್ಟ ಎಂದು ಗೊತ್ತು. ಆದರೆ ಒಂದೇ ಆಕೃತಿಯನ್ನು ಮೂರು ತಿಂಗಳು ತಿದ್ದುವವರಿಗಿಂತ, ಅಷ್ಟೇ ಸಮಯದಲ್ಲಿ ನಲವತ್ತು ಕೆಡವಿದವರು ಮುಂದೆ ಹೋಗುವುದನ್ನು ಕಲಿಸುವಾಗ ಮತ್ತೆ ಮತ್ತೆ ಕಂಡಿದ್ದೇನೆ.

ಮುಖದ ಕೆಲಸಕ್ಕೆ ಮರಳಿದಾಗ ಒಂದೆರಡು ವಿಷಯ ನೆನಪಿಟ್ಟುಕೊಳ್ಳಿ. ಕಣ್ಣು ತಲೆಯ ಎತ್ತರದ ಸರಿ ನಡುವೆ ಇರುತ್ತದೆ, ನಾವು ಅಂದುಕೊಂಡಷ್ಟು ಮೇಲಲ್ಲ. ಪಕ್ಕದಿಂದ ನೋಡಿದರೆ ತಲೆಬುರುಡೆ ಹಿಂದಕ್ಕೆ ಬಹಳ ಚಾಚಿದೆ, ಕಿವಿ ನಡುಗೆರೆಗಿಂತ ಹಿಂದೆ ಕೂರುತ್ತದೆ. ಹೊಸಬರ ತಲೆಗಳಿಗೆ ಹಿಂಭಾಗವೇ ಇರುವುದಿಲ್ಲ. ಕಣ್ಣನ್ನು ಗೀರಿ ಮಾಡಬೇಡಿ, ಮೊದಲು ಗೋಲಿ ಕೂರಿಸಿ, ರೆಪ್ಪೆಯನ್ನು ಅದರ ಮೇಲೆ ಹೊದಿಸಿ. ಬಾಯಿಯೂ ಚಪ್ಪಟೆಯಲ್ಲ, ಹಲ್ಲಿನ ಸಾಲಿನ ಸುತ್ತ ಬಾಗುತ್ತದೆ. ಅಂಗೈ ಬೆರಳುಗಳನ್ನು ಒಂದೊಂದಾಗಿ ಅಂಟಿಸಬೇಡಿ. ಬೆರಳು ಕೂಡಿದ ಒಂದು ಹಲಗೆ, ಬೇರೆಯಾದ ಹೆಬ್ಬೆರಳು, ಇಷ್ಟೇ ಮಾಡಿ ಬಾಗು ಸರಿ ಬಂದ ಮೇಲೆ ಬಿಡಿಸಿ.

ಮನೆಯಲ್ಲಿರುವ ಪಾಲಿಮರ್ ಕ್ಲೇಯನ್ನು ಗಾಳಿಯಾಡದ ಡಬ್ಬಿಯಲ್ಲಿ ಬಿಸಿಲು ಬೀಳದ ಕಡೆ ಇಡಿ, ಕೆಡುವುದಿಲ್ಲ. ಬಳಸುವ ದಿನ ಬಂದಾಗ ತಂತಿಯ ಮೇಲೆ ಅಲ್ಯೂಮಿನಿಯಂ ಫಾಯಿಲ್ ಬಿಗಿಯಾಗಿ ಸುತ್ತಿ ಮೈ ತುಂಬಿಸಿ, ಮಣ್ಣಿನ ಪದರ ಒಂದು ಸೆಂ.ಮೀ. ದಾಟದಿರಲಿ. ಬೇಯಿಸುವ ಶಾಖ ಸಾಮಾನ್ಯವಾಗಿ 130 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಪೊಟ್ಟಣದ ಮೇಲೆ ಬರೆದದ್ದೇ ಕೊನೆ ಮಾತು. ಜಾಸ್ತಿಯಾಗಿ ಸುಟ್ಟರೆ ಬರುವ ಹೊಗೆ ಕೆಟ್ಟದ್ದು, ಕಿಟಕಿ ತೆರೆದಿಡಿ. ಬಿಸಿಗೆ ಗಟ್ಟಿಯಾಗುವ ಮೊದಲು ಅದು ಒಮ್ಮೆ ಮೆತ್ತಗಾಗುತ್ತದೆ. ತಂತಿ ಇಲ್ಲದ ಕೈಕಾಲು ಜೋತುಬೀಳುವುದು ಆಗಲೇ.

ಸದ್ಯಕ್ಕೆ ಚಿಕ್ಕ ಆಕೃತಿಗಳಿಂದ ಶುರು ಮಾಡಿ. ಹತ್ತು ಹನ್ನೆರಡು ಆದ ಮೇಲೆ, ನಿಮಗೆ ಒಪ್ಪಿಗೆಯಾದ ಒಂದರ ಫೋಟೋ ಕಳಿಸಿ, ನೋಡಿ ಹೇಳುತ್ತೇನೆ. ಎದುರು, ಎರಡು ಪಕ್ಕ, ಬೆನ್ನು, ಮೇಲಿನಿಂದ ಒಂದು. ಫೋನನ್ನು ಹತ್ತಿರ ಹಿಡಿದು ತೆಗೆಯಬೇಡಿ, ತಲೆ ದೊಡ್ಡದಾಗಿ ಕಾಲು ಸಣ್ಣದಾಗಿ ಬರುತ್ತದೆ, ಅಳತೆ ತಿಳಿಯುವುದಿಲ್ಲ. ಎರಡು ಮೀಟರ್ ದೂರ ನಿಂತು, ಫೋನನ್ನು ಆಕೃತಿಯ ಸೊಂಟದ ಮಟ್ಟಕ್ಕೆ ಹಿಡಿದು, ಜೂಮ್ ಮಾಡಿ ತೆಗೆಯಿರಿ.